ಹೊಂಗೆಮರದ ಕಡೆಯ ಜಾಗ

ಪುಟ್ಟಿ, ಚಿನ್ನು, ಇದನ್ನು ನಿಮಗಿಬ್ಬರಿಗೆಂದು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳೋಣವೆಂದರೆ ನನ್ನ ಕೈಲಾಗುವುದಿಲ್ಲ. ನಾಲ್ಕು ಜನರ ಮುಂದೆ ಮಾತೆತ್ತಬೇಕೆಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ನೀವಿಬ್ಬರೇ ಇದ್ದರೂ, ಎದುರಿಗೆ ಕೂತು ‘ಏನಜ್ಜಿ’ ಎಂದು ಕೇಳಿದರೆ ‘ಏನಿಲ್ಲ, ಊಟ ಮಾಡಿ’ ಎಂದುಬಿಡುತ್ತೇನೆ. ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೇಳಬೇಕಾಗಿರುವುದು ಒಂದು ಜಾಗದ ವಿಚಾರ. ಅಂಜನಾಪುರದ ಕಡೆ ನಮ್ಮ ಊರಿನ ಜಮೀನೆಲ್ಲ ಲೇಔಟಾಗಿ ಹೋದ ಮೇಲೂ ಒಂದು ಚೂರು ಉಳಿದಿದೆಯಲ್ಲ, ಹೊಂಗೆಮರ ಇರುವ ಜಾಗ, ಅದು. ಚಿಕ್ಕವರಿದ್ದಾಗ ನೀವು ಅಲ್ಲಿಯ ಕಲ್ಲುಚಪ್ಪಡಿಗಳ ಮೇಲೆ ಹತ್ತಿ ಕುಣಿಯುತ್ತಿದ್ದಿರಿ, ದೊಡ್ಡಜ್ಜಿ ಗದರುತ್ತಿದ್ದಳು. ಆ ಚಪ್ಪಡಿಗಳ ಕೆಳಗೆ ನನ್ನ ಅತ್ತೆ, ಮಾವ, ಮತ್ತು ದೊಡ್ಡಜ್ಜಿಯ ಗಂಡ, ಅಂದರೆ ನನ್ನ ಭಾವ, ಮಲಗಿದ್ದಾರೆ. ನಿಮ್ಮ ತಾತ ಅಲ್ಲಿಲ್ಲ. ಊರು ಪಂಚಾಯಿತಿಯಾಗಿದ್ದಾಗ ಭಾವ ಸತ್ತರು, ಕಾರ್ಪೊರೇಷನ್ನಿಗೆ ಸೇರಿದ ಮೇಲೆ ನಿಮ್ಮ ತಾತ ಸತ್ತರು. ಆದದ್ದು ಇಷ್ಟೇ. ಅದಕ್ಕೇ ದೊಡ್ಡಜ್ಜಿಗೆ ಹೋಗಿ ಕೂರಲು ಒಂದು ಕಲ್ಲಿದೆ, ನನಗೆ ನಡುಮನೆಯ ಗೋಡೆಯ ಮೇಲೆ ಒಂದು ಫೋಟೋ ಇದೆ. ಫೋಟೋ ಎಲ್ಲರ ಮನೆಯಲ್ಲೂ ಇರುತ್ತದೆ. ನಾನು ಹೋದ ಮೇಲೆ ಅವರ ಪಕ್ಕಕ್ಕೆ ಸೇರುವುದು ಎಲ್ಲಿ, ಹೇಗೆ ಎನ್ನುವುದೇ ಇಷ್ಟು ವರ್ಷ ನನ್ನನ್ನು ಕೊರೆದ ಪ್ರಶ್ನೆ.

ದೊಡ್ಡಜ್ಜಿ ನನ್ನ ವಾರಗಿತ್ತಿ. ಅಣ್ಣನನ್ನು ಅವಳು, ತಮ್ಮನನ್ನು ನಾನು ಕಟ್ಟಿಕೊಂಡು ಒಂದೇ ಮನೆಗೆ ಬಂದೆವು. ‘ಅಕ್ಕ’ ಎಂದು ಕರೆಯುತ್ತೇನೆ, ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತೇನೆ. ಮೊದಮೊದಲು ಅವಳ ಜಡೆಯ ಮೇಲೆ ಹೊಟ್ಟೆಕಿಚ್ಚಿತ್ತು, ಮೊಣಕಾಲು ಮುಟ್ಟುತ್ತಿತ್ತು. ಆಮೇಲೆ ಅತ್ತೆ ಉಗ್ರಾಣದ ಬೀಗದ ಕೈಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದರು, ಅದರ ಮೇಲೆ. ಅವಳು ಮುದ್ದೆ ಕಟ್ಟಿದರೆ ಒಂದೂ ಬಿರುಕಿರುತ್ತಿರಲಿಲ್ಲ, ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ನನ್ನ ಪಾಲಿನ ಜಗಳವನ್ನೂ ಅವಳೇ ಆಡುತ್ತಿದ್ದಳು. ಅವೆಲ್ಲ ಆರಿಹೋದವು. ಜಡೆ ಇಲಿಬಾಲವಾಯಿತು, ಉಗ್ರಾಣವಿದ್ದ ಕಡೆ ಈಗ ಬಾಡಿಗೆಯ ಮೊಬೈಲ್ ಅಂಗಡಿ, ಮುದ್ದೆಯನ್ನು ಇಬ್ಬರೂ ಅರ್ಧವೇ ತಿನ್ನುವುದು. ಕಲ್ಲಿನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಈ ವಯಸ್ಸಿನಲ್ಲಿ ನನ್ನೊಳಗೆ ಬಿಸಿಯಾಗಿ ಉಳಿದಿರುವುದು ಅದೊಂದೇ ಎಂದರೂ ಸರಿ.

ಭಾವ ತೀರಿಕೊಂಡಾಗ ನಾವೆಲ್ಲ ಊರಿನ ಮನೆಯಲ್ಲೇ ಇದ್ದೆವು. ಹೊಲದಿಂದ ಬಂದು ಜಗಲಿಯ ಮೇಲೆ ಅಡ್ಡಾದವರು ಏಳಲಿಲ್ಲ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಊರಿನ ಗಂಡಸರು ಗುದ್ದಲಿ ಹಿಡಿದು ಹೋದರು, ಅಂಗಡಿಯಿಂದ ಉಪ್ಪಿನ ಮೂಟೆ ಬಂತು, ನಮ್ಮಲ್ಲಿ ಗುಂಡಿಗೆ ಉಪ್ಪು ಹಾಕುವುದು ಪದ್ಧತಿ. ಹೊತ್ತು ಇಳಿಯುವುದರೊಳಗೆ ಅವರು ಅಪ್ಪನ ಪಕ್ಕದಲ್ಲಿ ಮಣ್ಣಾದರು. ಮೂರನೇ ದಿನ ಹಾಲುತುಪ್ಪಕ್ಕೆ ನಾನೂ ಅಕ್ಕನ ಜೊತೆ ಹೋಗಿದ್ದೆ. ನಾಯಿ ಬಾರದಿರಲೆಂದು ಹಾಸಿದ್ದ ಮುಳ್ಳನ್ನು ಅವಳೇ ಸರಿಸಿ, ತಲೆಯ ಕಡೆಗೆ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ತಲೆ ಯಾವ ಕಡೆ ಎಂದು ಅವಳಿಗೆ ಗೊತ್ತಿತ್ತು. ಆಗ ಅದರ ಬೆಲೆ ನನಗೆ ತಿಳಿದಿರಲಿಲ್ಲ.

ಅಂದಿನಿಂದ ಸೋಮವಾರ ಸೋಮವಾರ ಅವಳು ಅಲ್ಲಿಗೆ ಹೋಗುತ್ತಾಳೆ. ಎಲೆಯ ಮೇಲೆ ಏನಾದರೂ ಎಡೆ ಇಡುತ್ತಾಳೆ, ಚಪ್ಪಡಿಯ ಮೇಲಿನ ಎಲೆ ಕಸ ಗುಡಿಸುತ್ತಾಳೆ, ಆಮೇಲೆ ಕೂತು ಮಾತಾಡುತ್ತಾಳೆ. ಒಂದು ಸಲ ನಾನು ಸೌದೆ ತರಲು ಹೋದವಳು ಕೇಳಿಸಿಕೊಂಡೆ.

“ಕೇಳಿದ್ರಾ? ನಿಮ್ಮ ಮಗ ಮೀಸೆ ಬೋಳಿಸ್ಕೊಂಡವ್ನೆ. ಮುಖ ನೋಡಕಾಗಲ್ಲ. ನೀವಿದ್ದಿದ್ರೆ ಒಂದ್ ಬಿಟ್ಟಿರೋರು.”

ಆಗ ನನಗೆ ಅಯ್ಯೋ ಪಾಪ ಎನಿಸುತ್ತಿತ್ತು. ಗಂಡ ಬದುಕಿದ್ದವಳಿಗೆ ಪಾಪ ಎನ್ನುವುದು ಸುಲಭ.

ಆಮೇಲೆ ಊರು ನಗರದೊಳಗೆ ಸೇರಿತು. ರಸ್ತೆಗೆ ಬೋರ್ಡು ಬಂತು, ಕಸದ ಆಟೋ ಬಂತು, ತೆರಿಗೆಯ ಚೀಟಿ ಬಂತು. ನಿಮ್ಮ ಅಪ್ಪ ಪದ್ಮನಾಭನಗರದಲ್ಲಿ ಮನೆ ಕಟ್ಟಿಸಿ ನಮ್ಮನ್ನು ಕರೆತಂದ. ಅಕ್ಕ ಊರಲ್ಲೇ ಉಳಿದಳು. ಸೋಮವಾರ ಬಿಟ್ಟು ಬರುವುದು ಹೇಗೆ ಎಂದಳು.

ನಿಮ್ಮ ತಾತ ಹೋದದ್ದು ಚಳಿಗಾಲದ ಬೆಳಿಗ್ಗೆ. ಬೂದು ಬಣ್ಣದ ಮಫ್ಲರನ್ನು ಕಿವಿಗೆ ಸುತ್ತಿಕೊಂಡು ಬಾಗಿಲ ಬಳಿ ಪೇಪರ್ ಓದುತ್ತಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೆ ಅವರಿಗೆ ಸಕ್ಕರೆ ಇಲ್ಲದ ಕಾಫಿ. ‘ಇದನ್ನ ಕಾಫಿ ಅಂತಾರೇನೇ’ ಎಂದು ದಿನವೂ ನನ್ನನ್ನು ಬಯ್ದು, ಕೊನೆಯ ಹನಿಯವರೆಗೂ ಕುಡಿಯುತ್ತಿದ್ದರು. ಅವತ್ತು ಲೋಟದಲ್ಲಿ ಅರ್ಧ ಉಳಿದಿತ್ತು.

ನಿಮ್ಮ ಅಪ್ಪ ಅಳುವುದಕ್ಕೂ ಮೊದಲು ಡಾಕ್ಟರ ಬಳಿಗೆ ಓಡಬೇಕಾಯಿತು. ಮನೆಯಲ್ಲಿ ಸತ್ತರೆ, ಹೇಗೆ ಸತ್ತರು ಎಂದು ಅವರನ್ನು ನೋಡುತ್ತಿದ್ದ ಡಾಕ್ಟರು ಬರೆದು ಕೊಡಬೇಕು. ಅದು ಕೈಗೆ ಬಂದ ಮೇಲೆ ಮಣ್ಣು ನಮ್ಮ ಜಾಗದಲ್ಲೇ ಎಂದು ಎಲ್ಲರೂ ಅಂದುಕೊಂಡು, ವ್ಯಾನಿನಲ್ಲಿ ಊರಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಅಕ್ಕ ಎಲ್ಲ ಸಿದ್ಧ ಮಾಡಿಸಿದ್ದಳು. ಭಾವನ ಪಕ್ಕದಲ್ಲಿ, ಹೊಂಗೆಮರದ ಕಡೆಗೆ, ಗುಂಡಿ ತೋಡುತ್ತಿದ್ದರು. ಉಪ್ಪಿನ ಮೂಟೆ ಮರಕ್ಕೆ ಒರಗಿತ್ತು. ಅಂಗಳದಲ್ಲಿ ಅವರಿಗೆ ಕೊನೆಯ ಸ್ನಾನ ಮಾಡಿಸಿದರು, ಮಫ್ಲರನ್ನೂ ಬಟ್ಟೆಯನ್ನೂ ತೆಗೆದರು, ಹೊಸ ಪಂಚೆ ಉಡಿಸಿದರು.

ಯಾರು ಹೇಳಿದರೋ ಗೊತ್ತಿಲ್ಲ. ಸುತ್ತಲೂ ಹೊಸ ಮನೆಗಳು ಎದ್ದಿದ್ದವು, ಮಹಡಿಗಳ ಮೇಲೆ ಜನ ನಿಂತು ನೋಡುತ್ತಿದ್ದರು. ಸ್ಕೂಟರಿನಲ್ಲಿ ಒಬ್ಬರು ಬಂದು ಇಳಿದರು. ವಾರ್ಡಿನ ಆರೋಗ್ಯ ಇನ್ಸ್‌ಪೆಕ್ಟರಂತೆ. ಹೆಲ್ಮೆಟ್ ತೆಗೆದು, ಮೊದಲು ನಿಮ್ಮ ತಾತನಿಗೆ ಕೈ ಮುಗಿದರು. ಆಮೇಲೆ ಮಾತಾಡಿದರು. ಉತ್ತರ ಕೊಟ್ಟವಳು ಅಕ್ಕ.

“ಅಮ್ಮ, ಜಾಗ ನಿಮ್ದೇ ಇರ್ಬೋದು. ಆದ್ರೆ ಇದು ಈಗ ಕಾರ್ಪೊರೇಷನ್ ಲಿಮಿಟ್ಸು. ಪರ್ಮಿಷನ್ ಇಲ್ದೆ ಸ್ವಂತ ಜಾಗದಲ್ಲಿ ಹೂಳಂಗಿಲ್ಲ. ಗೊತ್ತು ಮಾಡಿರೋ ಸ್ಮಶಾನ, ಇಲ್ಲಾಂದ್ರೆ ಚಿತಾಗಾರ.”

“ಇವರಪ್ಪ, ಇವರವ್ವ, ಇವರಣ್ಣ ಎಲ್ಲಾ ಇಲ್ಲೇ ಅವ್ರೆ ಸಾರ್. ಇವನೊಬ್ಬನ್ನ ಎಲ್ಲಿಗೆ ಕಳಿಸ್ಲಿ?”

“ಆವಾಗ ಪಂಚಾಯಿತಿ ಇತ್ತಮ್ಮ.”

“ಮಣ್ಣು ಅದೇ ಅಲ್ವಾ?”

“ಮಣ್ಣು ಅದೇ. ಪಕ್ಕದಲ್ಲಿ ಮನೆ ಬಂತು, ಬೋರ್‌ವೆಲ್ ಬಂತು. ನಾನು ಬಿಟ್ರೆ ನಾಳೆ ನನ್ನ ಕೇಳ್ತಾರೆ. ಅರ್ಜಿ ಹಾಕ್ಬೋದು, ಇವತ್ತೇ ಸಿಗಲ್ಲ. ಹೆಣ ಇಟ್ಕೊಂಡು ಎಷ್ಟೊತ್ತು ಕಾಯ್ತೀರಾ?”

ಅವರು ಒರಟಾಗಿ ಹೇಳಲಿಲ್ಲ. ಹೇಳಿದ್ದು ಸುಳ್ಳೂ ಅಲ್ಲ. ಅದೇ ನನಗೆ ಹೆಚ್ಚು ಸಂಕಟ. ಒರಟಾಗಿದ್ದಿದ್ದರೆ ಬಯ್ದುಕೊಳ್ಳಲು ಒಬ್ಬರು ಸಿಗುತ್ತಿದ್ದರು.

ನಿಮ್ಮ ಅಪ್ಪ ಅಕ್ಕನ ಭುಜ ಹಿಡಿದುಕೊಂಡ. “ಬಿಡಿ ದೊಡ್ಡಮ್ಮ. ಅಪ್ಪನ್ನ ಇಟ್ಕೊಂಡು ಜಗಳ ಬೇಡ.” ಅವನು ಫೋನಿನಲ್ಲೇ ವಿದ್ಯುತ್ ಚಿತಾಗಾರದಲ್ಲಿ ಹೊತ್ತು ಗೊತ್ತು ಮಾಡಿದ. ಗುಂಡಿಯಲ್ಲಿ ನಿಂತಿದ್ದವರು ಗುದ್ದಲಿ ಮೇಲಕ್ಕೆ ಕೊಟ್ಟು ಹತ್ತಿ ಬಂದರು.

ತೋಡಿದ ಗುಂಡಿಯನ್ನು ಬರಿದೇ ಮುಚ್ಚಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಬರಿದೇ ಮುಚ್ಚಿದರೆ ಅದು ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದಂತೆ. ಊರಿನ ಹಿರಿಯರೊಬ್ಬರು ಬಾಳೆದಿಂಡು ಇಟ್ಟು ಮುಚ್ಚಿಬಿಡಿ ಎಂದರು. ಅದನ್ನು ನೋಡಿಕೊಳ್ಳಲು ಅಕ್ಕ ಉಳಿದಳು. ವ್ಯಾನಿನ ಹಿಂದೆ ನಮ್ಮ ಕಾರು ಹೊರಟಾಗ ತಿರುಗಿ ನೋಡಿದೆ. ಅವಳು ಗುಂಡಿಯ ಅಂಚಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

ಚಿತಾಗಾರದಲ್ಲಿ ನಾನು ಒಳಗೆ ಹೋಗಲಿಲ್ಲ. ಗೇಟಿನ ಬಳಿ ಕಾರಿನಲ್ಲಿ ಕೂತು ಗೋಡೆಯ ಮೇಲಿನ ಬೋರ್ಡನ್ನು ಓದಿದೆ. ಡಾಕ್ಟರ ಪತ್ರ ಬೇಕು, ಸತ್ತವರ ಆಧಾರ್ ಬೇಕು, ಒಡವೆ ತೆಗೆದಿರಬೇಕು, ಪ್ಲಾಸ್ಟಿಕ್ ಹಾರ ಹಾಕಬಾರದು. ಮತ್ತೆ ಮೊದಲಿನಿಂದ ಓದಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಯಾರನ್ನೂ ಸುಟ್ಟಿರಲಿಲ್ಲ, ಯಾವಾಗ ಅಳಬೇಕು ಎನ್ನುವುದೂ ಗೊತ್ತಿರಲಿಲ್ಲ. ಮಣ್ಣಿಗಾದರೆ ಮೊದಲ ಹಿಡಿ ಹಾಕುವಾಗ ಅಳುತ್ತೇವೆ. ಇಲ್ಲಿ ಬಾಗಿಲು ಮುಚ್ಚಿದ ಸದ್ದೂ ನನಗೆ ಕೇಳಿಸಲಿಲ್ಲ. ನಿಮ್ಮ ಅಪ್ಪ ಬಂದು “ಆಯ್ತಮ್ಮ” ಎಂದ.

ಬೂದಿ ಬಂತು, ಕೆಂಪು ಬಟ್ಟೆ ಕಟ್ಟಿದ ಒಂದು ಕುಡಿಕೆಯಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಹೊಳೆಗೆ ಬಿಟ್ಟು ಬಂದರು. ಹಾಲುತುಪ್ಪವನ್ನು ಎಲ್ಲಿ ಬಿಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಚಿತಾಗಾರಕ್ಕೇ ತೆಗೆದುಕೊಂಡು ಹೋದೆವು. ಒಳಗೆ ಬಿಡುವ ಹಾಗಿಲ್ಲ, ಹೊರಗೆ ಮರದ ಬುಡಕ್ಕೆ ಬಿಡಿ ಎಂದರು. ಆ ಮರದ ಬುಡದಲ್ಲಿ ಅವರಿವರು ಬಿಟ್ಟ ಹಾಲೆಲ್ಲ ಸೇರಿ ನೆಲ ಜಿಗುಟಾಗಿತ್ತು, ಇರುವೆ ಹತ್ತಿತ್ತು. ಯಾರ ಹಾಲು ಯಾರಿಗೆ ಹೋಗುತ್ತದೋ. ನಾನು ಬಿಟ್ಟೆ. ತಲೆಯ ಕಡೆ ಯಾವುದು ಎಂದು ಕೇಳಲು ಅಲ್ಲಿ ತಲೆಯೇ ಇರಲಿಲ್ಲ. ಆಗ ಅಕ್ಕನ ನೆನಪು ಬಂತು, ಮುಳ್ಳು ಸರಿಸಿ ಸರಿಯಾದ ಕಡೆಗೆ ಹಾಲು ಬಿಟ್ಟ ಅವಳ ಕೈ. ಕಲ್ಲಿನ ಮೇಲಿನ ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಮರದ ಬುಡದಲ್ಲಿ.

ಮಫ್ಲರನ್ನು ಹುಡುಕಿದೆ. ಅದಕ್ಕೆ ಅವರ ತಲೆಎಣ್ಣೆಯ ವಾಸನೆ ಇರುತ್ತಿತ್ತು. ಮನೆಯಲ್ಲಿಲ್ಲ, ಕಾರಿನಲ್ಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. “ಬಟ್ಟೆ ಜೊತೆ ಹೋಗಿರ್ಬೇಕು ಕಣೆ,” ಎಂದಳು. ಸತ್ತವರ ಮೈಮೇಲಿನ ಬಟ್ಟೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲವಲ್ಲ, ಸುಮ್ಮನಾದೆ.

ಆಮೇಲಿನ ವರ್ಷಗಳಲ್ಲಿ ಅವಳ ಫೋನ್ ಬಂದರೆ ಸಾಕು, ನನಗೆ ಮೈ ಉರಿಯುತ್ತಿತ್ತು. “ಈಗ ತಾನೇ ನಿನ್ನ ಭಾವನ ಹತ್ರ ಹೋಗ್ಬಂದೆ” ಎಂದು ಶುರುಮಾಡುತ್ತಿದ್ದಳು, ಯಾರೋ ತವರಿಗೆ ಹೋಗಿ ಬಂದ ಹಾಗೆ. ನಮ್ಮ ಮನೆಗೆ ಬಂದರೆ ಸೀರೆಯ ಅಂಚಿಗೆ ಆ ಕೆಮ್ಮಣ್ಣು ಮೆತ್ತಿರುತ್ತಿತ್ತು. ಅದನ್ನು ಕೊಡವಿಕೊಳ್ಳುತ್ತಲೂ ಇರಲಿಲ್ಲ. ಅವಳು ಹೋದ ಮೇಲೆ ನೆಲ ಒರೆಸುವಾಗ ಆ ಮಣ್ಣನ್ನು ನೋಡುತ್ತಿದ್ದೆ. ಪಿತೃಪಕ್ಷದ ಅಮಾವಾಸ್ಯೆಯಲ್ಲಿ ಅವಳು ಎಡೆಯನ್ನು ಕಲ್ಲಿನ ಮೇಲಿಡುತ್ತಾಳೆ, ಕಾಗೆ ಬಂದು ತಿನ್ನುತ್ತದೆ. ನಾನು ಫೋಟೋದ ಮುಂದೆ, ಟೀವಿಯ ಪಕ್ಕ ಇಡುತ್ತೇನೆ. ಕಾಗೆ ಎಲ್ಲಿಂದ ಬರಬೇಕು? ನೀವೇ ತಿನ್ನುತ್ತೀರಿ. ಫೋಟೋದ ಮುಂದೆ ನಾನು ಮಾತಾಡಲು ನೋಡಿದೆ, ಚಿನ್ನು. ನೀನು ಹಿಂದಿನಿಂದ ಬಂದು “ಯಾರ ಜೊತೆ ಅಜ್ಜಿ?” ಎಂದೆ. ನಾನು ಊದುಬತ್ತಿಯ ಬೂದಿ ಒರೆಸತೊಡಗಿದೆ.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ಎದ್ದು ಓಡಾಡುವ ಹಾಗಿರಲಿಲ್ಲ. ನಾನು ನೋಡಿಬರೋಣವೆಂದು ಹೋದ ದಿನ ಸೋಮವಾರ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತು, ಬುಟ್ಟಿಯೊಂದನ್ನು ಸಿದ್ಧ ಮಾಡಿಸಿ ಬಾಗಿಲು ನೋಡುತ್ತಿದ್ದಳು.

“ಬಂದ್ಯಾ. ಹೋಗು, ನಿನ್ನ ಭಾವಂಗೆ ಎಡೆ ಇಟ್ಟು ಬಾ. ನನ್ನ ಕೈಲಾಗಲ್ಲ.”

ಬುಟ್ಟಿಯಲ್ಲಿ ಎರಡು ಬಾಳೆಎಲೆ, ಎರಡು ಫ್ಲಾಸ್ಕು.

“ಎರಡ್ಯಾಕಕ್ಕ?”

“ಒಂದು ನಿನ್ನ ಭಾವಂಗೆ, ಕಲ್ಲಿನ ಮೇಲೆ. ಇನ್ನೊಂದು ಪಕ್ಕದಲ್ಲಿ, ಮರದ ಕಡೆ ಇಡು. ಚಿಕ್ಕ ಫ್ಲಾಸ್ಕಲ್ಲಿರೋ ಕಾಫಿ ಸಕ್ಕರೆ ಇಲ್ದಿರೋದು, ಅದು ಮರದ ಕಡೆಗೆ. ಬದಲಾಯಿಸ್ಬೇಡ.”

“ಮರದ ಕಡೆ ಯಾರಿದಾರೆ?”

“ತಣ್ಣಗಾಗುತ್ತೆ, ಹೋಗೆ.”

ದಾರಿಯಲ್ಲಿ ನಿಂತು ಚಿಕ್ಕ ಫ್ಲಾಸ್ಕನ್ನು ಇನ್ನೊಮ್ಮೆ ನೋಡಿದೆ. ನಮ್ಮ ಎರಡು ಮನೆಗಳಲ್ಲಿ ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಿದ್ದವರು ಒಬ್ಬರೇ. ಭಾವ ಕಾಫಿಗೆ ಬೆಲ್ಲ ಕಡಿಮೆಯಾದರೆ ಲೋಟ ನೂಕುತ್ತಿದ್ದರು.

ಹೊಂಗೆಮರದ ಕಡೆ, ಗುಂಡಿ ತೋಡಿದ್ದ ಕಡೆ, ನೆಲ ಸಾರಿಸಿತ್ತು. ತಲೆಯ ಕಡೆಗೆ ಅಂಗೈಯಗಲದ ಒಂದು ಕಲ್ಲು ನೆಟ್ಟಿತ್ತು, ಬಾಡಿದ ಚೆಂಡುಹೂ ಇತ್ತು. ವರ್ಷಕ್ಕೊಮ್ಮೆ ನಾವೆಲ್ಲ ಅತ್ತೆ ಮಾವನಿಗೆ ಕೈ ಮುಗಿಯಲು ಹೋದಾಗ ಅಲ್ಲಿ ಹೊಂಗೆಯ ಎಲೆ ರಾಶಿ ಬಿದ್ದಿರುತ್ತಿತ್ತು. ಈಗ ತಿಳಿಯಿತು, ಎಲೆ ರಾಶಿಯನ್ನು ಅವಳೇ ಹಾಕುತ್ತಿದ್ದಳು. ನಾನು ಭಾವನಿಗೆ ಎಡೆ ಇಟ್ಟೆ. ಚಿಕ್ಕ ಫ್ಲಾಸ್ಕನ್ನು ತೆರೆದು ಲೋಟಕ್ಕೆ ಬಗ್ಗಿಸಿ ಈ ಕಲ್ಲಿನ ಮುಂದಿಟ್ಟೆ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಎಷ್ಟು ವರ್ಷದ ಮಾತು ಒಳಗಿತ್ತು, ಒಂದೂ ಬರಲಿಲ್ಲ. “ಕುಡೀರಿ” ಎಂದೆ, ಅಷ್ಟೇ.

ಮನೆಗೆ ಬಂದು ಬುಟ್ಟಿ ಕೆಳಗಿಟ್ಟೆ.

“ಮರದ ಕಡೆ ಏನಿದೆ ಅಕ್ಕ?”

“ಉಪ್ಪು.”

“ಉಪ್ಪಿಗೆ ಯಾರಾದ್ರೂ ಸಕ್ಕರೆ ಇಲ್ದಿರೋ ಕಾಫಿ ಕೊಡ್ತಾರಾ?”

ಅವಳು ನಕ್ಕಳು. “ಮಾತು ಕಲ್ತ್ಬಿಟ್ಟೆ ಕಣೆ ನೀನು.” ಆಮೇಲೆ ಮಂಡಿಯ ಮೇಲಿನ ಬ್ಯಾಂಡೇಜನ್ನು ಸವರುತ್ತ ಹೇಳಿದಳು. “ಬಾಳೆದಿಂಡು ಇಡು ಅಂದ್ರು. ನನ್ನ ಮೈದುನ ಏನು ಬಾಳೆದಿಂಡಾ? ಸ್ನಾನ ಮಾಡ್ಸುವಾಗ ಬಿಚ್ಚಿದ ಮಫ್ಲರು ನನ್ನ ಹೆಗಲ ಮೇಲೇ ಇತ್ತು. ಅದನ್ನ ಮಡ್ಚಿ ಇಟ್ಟು, ಉಪ್ಪು ಸುರ್ದು, ಮುಚ್ಚಿಸ್ದೆ.”

“ನಾನು ಅದನ್ನ ಮನೆಯೆಲ್ಲಾ ಹುಡುಕ್ದೆ.”

“ಗೊತ್ತು.”

“ಕೇಳ್ದಾಗ ಬಟ್ಟೆ ಜೊತೆ ಹೋಗಿರ್ಬೇಕು ಅಂದೆ.”

“ಹೋಗಿತ್ತಲ್ಲ, ಮಣ್ಣಿಗೆ.”

“ಯಾಕೆ ಹೇಳ್ಲಿಲ್ಲ?”

“ನಿನ್ನ ಮಗ ಬಯ್ತಿದ್ದ. ಆ ಇನ್ಸ್‌ಪೆಕ್ಟ್ರು ಇನ್ನೊಂದ್ ಸಲ ಬರೋರು.”

“ಮಫ್ಲರಿಗೆ ಇನ್ಸ್‌ಪೆಕ್ಟ್ರು ಬರ್ತಾರಾ ಅಕ್ಕ?”

ಅವಳು ಕಿಟಕಿಯ ಕಡೆ ನೋಡಿದಳು.

“ಹೇಳಿದ್ರೆ ನೀನೂ ಸೋಮವಾರ ಸೋಮವಾರ ಬರೋಳು. ಪಕ್ಕದಲ್ಲಿ ಕೂತು ಅಳೋಳು. ನಿನ್ನ ಅಳು ಕೇಳ್ಕೊಂಡು ನಾನು ನನ್ನ ಗಂಡನ ಹತ್ರ ಏನ್ ಮಾತಾಡ್ಲಿ? ನಂಗೆ ಅಂತ ಇದ್ದಿದ್ದು ಅದೊಂದು ಗಳಿಗೆ.” ಆಮೇಲೆ ದನಿ ಬದಲಾಯಿತು. “ಅಮಾಸೆ ಬಂದ್ರೆ ನೀನು ಸ್ಕೂಟರಲ್ಲಿ ಅವನ ಹಿಂದೆ ಕೂತ್ಕೊಂಡು ಬನಶಂಕರಿ ಗುಡಿಗೆ ಹೋಗ್ತಿದ್ದಲ್ಲ. ನಾನು ಗೇಟಲ್ಲಿ ನಿಂತು ನೋಡ್ತಿದ್ದೆ. ಹೂವ ಮುಡ್ಕೊಂಡು ಹೋಗೋಳು. ಒಂದಿನಾನಾದ್ರೂ ನನ್ನೂ ಕರ್ಕೊಂಡು ಹೋಗು ಅಂದೆನಾ ನಾನು?”

“ಸ್ಕೂಟರಲ್ಲಿ ಮೂರ್ ಜನ ಕೂರಂಗಿಲ್ಲ ಅಕ್ಕ.”

“ನಾನೂ ಅದೇ ತಾನೇ ಹೇಳ್ತಿರೋದು.”

ನಾನು ಸ್ಕೂಟರಿನಲ್ಲಿ ಕೂತಾಗ ಗೇಟಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಅವಳ ಕಣ್ಣಲ್ಲಿ ಆ ಹೊಟ್ಟೆಕಿಚ್ಚು ಇನ್ನೂ ಹಾಗೇ ಇದ್ದದ್ದು ನೋಡಿ ನನಗೆ ಕೊಂಚ ಸಮಾಧಾನವಾಯಿತು ಎಂದರೆ ನೀವು ಅಜ್ಜಿಯನ್ನು ಏನೆಂದುಕೊಳ್ಳುವಿರೋ. ಆದರೆ ಆ ಸಮಾಧಾನ ಒಂದು ಉಸಿರಿನಷ್ಟು. ಮರುಕ್ಷಣವೇ ಇನ್ನೊಂದು ಹೊಳೆಯಿತು.

“ಅವರಿಗೆ ಏನೇನು ಹೇಳಿದ್ದೀಯ?”

“ಎಲ್ಲಾ. ನಿನ್ನ ಕಣ್ಣಿನ ಆಪರೇಷನ್ನು, ಪುಟ್ಟಿ ಕಾಲೇಜು ಸೇರಿದ್ದು, ಚಿನ್ನೂಗೆ ಕನ್ನಡಕ ಬಂದಿದ್ದು. ನೀನು ಬಸ್ಸಾರಿಗೆ ಈಗ್ಲೂ ಉಪ್ಪು ಜಾಸ್ತಿ ಹಾಕ್ತೀಯ ಅಂತಾನೂ ಹೇಳಿದ್ದೀನಿ.”

ನೋಡಿ, ನನಗೆ ಉರಿದದ್ದು ಅಲ್ಲಿ. ನನ್ನ ಗಂಡನಿಗೆ ನನ್ನ ಮನೆಯ ಸುದ್ದಿಯನ್ನೆಲ್ಲ ಇಷ್ಟು ವರ್ಷ ಅವಳು ಹೇಳಿದ್ದಾಳೆ. ನಾನು ಟೀವಿಯ ಪಕ್ಕದ ಫೋಟೋಗೆ ಊದುಬತ್ತಿ ಹಚ್ಚುತ್ತಿದ್ದಾಗ ಅವರು ಅಲ್ಲಿ ಹೊಂಗೆಯ ನೆರಳಲ್ಲಿ ಅಣ್ಣನ ಪಕ್ಕ ಅತ್ತಿಗೆಯ ಕೈಯ ಕಾಫಿ ಕುಡಿಯುತ್ತಿದ್ದರು. ಮಫ್ಲರು ಇಟ್ಟದ್ದಕ್ಕೆ ಕೈ ಮುಗಿಯಬೇಕು, ಗೊತ್ತು. ಮುಗಿಯಲಿಲ್ಲ. ಊಟ ಮಾಡದೆ ಮೆಟ್ರೋ ಹತ್ತಿ ಬಂದುಬಿಟ್ಟೆ. ಬನಶಂಕರಿಯಲ್ಲಿ ಇಳಿಯುವ ಹೊತ್ತಿಗೆ ಅವಳ ಫೋನ್. “ಫ್ಲಾಸ್ಕಿನ ಮುಚ್ಚಳ ನಿನ್ನ ಚೀಲದಲ್ಲಿ ಹೋಗಿದೆಯಾ ನೋಡು.” ಹೋಗಿತ್ತು.

ಮುಚ್ಚಳ ಕೊಡುವ ನೆಪದಲ್ಲಿ ಶುಕ್ರವಾರ ಹೋದೆ. ಅಲ್ಲಿಂದ ಶುಕ್ರವಾರ ನನ್ನದಾಯಿತು. ಸೋಮವಾರ ಅವಳದು. ಈಗ ಅವಳು ಕೋಲು ಹಿಡಿದು ಓಡಾಡುತ್ತಾಳೆ, ಸೋಮವಾರ ಬಿಟ್ಟಿಲ್ಲ. ಅವಳಿಟ್ಟ ಹೂವನ್ನು ನಾನು ಶುಕ್ರವಾರ ತೆಗೆದುಹಾಕುತ್ತೇನೆ, ಬಾಡಿರದಿದ್ದರೂ. ಅವರ ಹತ್ತಿರ ಈ ವಾರದ ಸುದ್ದಿ ಹೇಳಲು ಹೋದರೆ ಅವಳು ಮೊದಲೇ ಹೇಳಿರುತ್ತಾಳೆ ಎಂಬ ಅನುಮಾನ. ಅದಕ್ಕೇ ಕೆಲವು ವಿಷಯಗಳನ್ನು ಅವಳಿಗೆ ಫೋನಿನಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಚಿನ್ನು ಈಜು ಕಲಿತದ್ದನ್ನು ತಾತನಿಗೆ ಮೊದಲು ಹೇಳಿದವಳು ನಾನೇ.

ಇನ್ನು ಉಳಿದದ್ದು ಜಾಗದ ಮಾತು. ಸಾಲಾಗಿ ಅತ್ತೆ, ಮಾವ, ಭಾವ, ಆಮೇಲೆ ನಿಮ್ಮ ತಾತನ ಮಫ್ಲರು. ಅದರಾಚೆ ಹೊಂಗೆಮರದವರೆಗೆ ಒಬ್ಬರು ಮಲಗುವಷ್ಟು ನೆಲ ಇದೆ. ಅಷ್ಟೇ ಇರುವುದು. ಒಂದು ಶುಕ್ರವಾರ ಅಕ್ಕನೂ ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂತಳು.

“ಇದು ನಂದು,” ಎಂದಳು, ಕೋಲಿನಿಂದ ಆ ನೆಲ ತೋರಿಸಿ.

“ನನ್ನ ಗಂಡನ ಪಕ್ಕ ನಿಂದು ಹೆಂಗಾಗುತ್ತೆ?”

“ನನ್ನ ಗಂಡನ ಪಕ್ಕದ ಜಾಗ ನಿನ್ನ ಗಂಡಂಗೆ ಕೊಟ್ಟೆ. ಅದು ನಾನು ಮಲಗೋಕೆ ಅಂತ ಇಟ್ಕೊಂಡಿದ್ದು. ಈಗ ಉಳ್ದಿರೋದು ನಂಗಲ್ವಾ?”

ಅವತ್ತು ಗುಂಡಿ ಅಲ್ಲಿ ತೋಡಿ ಎಂದವಳು ಅವಳೇ. ಅದು ಯಾರ ಜಾಗ ಎಂದು ಆ ದಿನ ನಾನು ಯೋಚಿಸಿರಲಿಲ್ಲ. ಕೊಟ್ಟವಳು ಅವಳು ಎಂದಾಗ ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಹತ್ತಿರ ಅವಳಿಗೆ ಕೊಡಲು ಅಂಥದ್ದೇನೂ ಇರಲಿಲ್ಲ.

“ಇಬ್ಬರಿಗೂ ಬಿಡಲ್ಲ ಅಕ್ಕ. ಕಾನೂನಿದೆ.”

“ಹಂಗಾದ್ರೆ ಯಾಕೆ ಜಗಳ ಆಡ್ತಿದ್ದೀವಿ?”

ಇಬ್ಬರೂ ನಕ್ಕೆವು. ಜಗಳ ಮಾತ್ರ ಮುಗಿಯಲಿಲ್ಲ.

ಪುಟ್ಟಿ, ಆ ರಾತ್ರಿಯೇ ನಾನು ನಿನ್ನನ್ನು ಕೇಳಿದ್ದು, ಕಾನೂನಿನಲ್ಲಿ ಏನಿದೆ ಎಂದು ಫೋನಿನಲ್ಲಿ ನೋಡಿ ಕನ್ನಡದಲ್ಲಿ ಓದು ಅಂತ. ನೀನು ಓದಿದೆ. ನಗರದೊಳಗೆ, ಒಪ್ಪಿಗೆ ಪಡೆದ ಜಾಗ ಬಿಟ್ಟು ಬೇರೆಡೆ ಹೆಣವನ್ನು ಹೂಳುವ ಹಾಗಿಲ್ಲ, ಸುಡುವ ಹಾಗಿಲ್ಲ ಎನ್ನುವ ಅರ್ಥದ್ದು. ನಾನು ಇನ್ನೊಮ್ಮೆ ಓದಿಸಿದೆ. “ಬಟ್ಟೆ ಬಗ್ಗೆ ಏನಾದ್ರೂ ಇದೆಯಾ?” ಎಂದು ಕೇಳಿದೆ. “ಬಟ್ಟೆನಾ? ಏನಜ್ಜಿ ನೀನು” ಎಂದು ನಕ್ಕು ನೀನು ಫೋನ್ ಮುಚ್ಚಿದೆ. ಈಗ ತಿಳಿಯಿತಲ್ಲ, ಯಾಕೆ ಕೇಳಿದೆ ಎಂದು.

ಆದ್ದರಿಂದ ನೀವು ಮಾಡಬೇಕಾದದ್ದು ಇದು. ನನ್ನ ಮೈಯನ್ನು ಕಾನೂನು ಹೇಳಿದ ಹಾಗೆಯೇ ಮಾಡಿ. ಡಾಕ್ಟರ ಪತ್ರ ತನ್ನಿ, ಹೊತ್ತು ಗೊತ್ತು ಮಾಡಿ, ಚಿತಾಗಾರಕ್ಕೆ ಕೊಡಿ, ಬೂದಿಯನ್ನು ತಾತನದು ಹೋದ ಹೊಳೆಗೇ ಬಿಡಿ. ಗುಂಡಿ ತೋಡಿ ಯಾರಿಂದಲೂ ಮಾತು ಕೇಳಿಸಿಕೊಳ್ಳಬೇಡಿ. ಆದರೆ ನನ್ನ ಮೈಮೇಲಿಂದ ತೆಗೆದ ಸೀರೆಯನ್ನು ಯಾರಿಗೂ ಕೊಡಬೇಡಿ. ಮಡಚಿ, ಹೊಂಗೆಮರದ ಕಡೆ ಒಂದು ಮೊಳ ಆಳಕ್ಕೆ ಅಗೆದು ಇಟ್ಟು, ಒಂದು ಹಿಡಿ ಉಪ್ಪು ಹಾಕಿ ಮುಚ್ಚಿ. ಸೀರೆಗೆ ಆಳುದ್ದ ಜಾಗ ಬೇಡ. ಎರಡು ಸೀರೆಗೂ ಅಲ್ಲಿ ಎಡೆಯಿದೆ. ದೊಡ್ಡಜ್ಜಿ ಮೊದಲು ಹೋದರೆ ಅವಳ ಸೀರೆಯನ್ನೂ ಅಲ್ಲೇ ಇಡಿ, ಆ ಜಾಗದ ಮೇಲೆ ಅವಳಿಗೆ ಹಕ್ಕಿದೆ. ಆದರೆ ಅವಳದು ಮರದ ಬೇರಿನ ಕಡೆಗಿರಲಿ. ನನ್ನದು ಮಫ್ಲರಿಗೆ ತಾಗಿಕೊಂಡಿರಲಿ. ಮಧ್ಯದಲ್ಲಿ ಅವಳನ್ನು ಇಡಬೇಡಿ. ಸತ್ತ ಮೇಲೂ ಎಲ್ಲ ಸುದ್ದಿಯನ್ನು ಅವಳೇ ಮೊದಲು ಹೇಳಿಬಿಡುತ್ತಾಳೆ.

ಆ ಚಿಕ್ಕ ಕಲ್ಲಿನ ಕೆಳಗೆ ಏನಿದೆ ಎಂದು ನಾವಿಬ್ಬರು ಮುದುಕಿಯರು ಹೋದ ಮೇಲೆ ತಿಳಿದವರು ಯಾರೂ ಇರುವುದಿಲ್ಲ, ಈ ಹಾಳೆಗಳನ್ನು ಬಿಟ್ಟರೆ. ಅದಕ್ಕೇ ಇವನ್ನು ಕಳೆಯಬೇಡಿ. ನಿಮ್ಮ ಅಪ್ಪನ ಬೀರುವಿನಲ್ಲಿ ಇಡಬೇಡಿ, ಅವನು ಓದಿ ದೊಡ್ಡಮ್ಮನಿಗೆ ಹೇಳುತ್ತಾನೆ. ಅಡುಗೆಮನೆಯಲ್ಲೂ ಬೇಡ, ಶೀತ ಹತ್ತುತ್ತದೆ. ಪುಟ್ಟಿ, ನಿನ್ನ ಮಾರ್ಕ್ಸ್ ಕಾರ್ಡುಗಳ ಫೈಲಿದೆಯಲ್ಲ, ಅದರ ಕೊನೆಯ ಕವರಿನಲ್ಲಿ ಹಾಕಿಡು. ಎಲ್ಲಿಟ್ಟಿದ್ದೀಯ ಎಂದು ಚಿನ್ನೂಗೆ ಮಾತ್ರ ಹೇಳು.